‘ಹಾಂ ಸೇಠ್’ ಎಂದ ಮಾತ್ರಕ್ಕೆ ಅರ್ಥವಾಯಿತೇ?

ಪ್ರಶ್ನೆ: ಡೊಂಬಿವಿಲಿಯಲ್ಲಿ ನಮ್ಮದೊಂದು ಉಡುಪಿ ಹೋಟೆಲ್ ಇದೆ. ಅಪ್ಪ ಕುಂದಾಪುರದಿಂದ ಬಂದು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಡುಗೆಮನೆಯಲ್ಲಿ ಒಡಿಶಾ, ಬಿಹಾರದ ಹುಡುಗರು. ಸಪ್ಲೈಗೆ ಊರಿನವರು ಇಬ್ಬರು. ಗಿರಾಕಿಗಳು ಮರಾಠಿ, ಗುಜರಾತಿ ಜನ. ಹುಡುಗರಿಗೆ ಏನು ಹೇಳಿದರೂ ‘ಹಾಂ ಸೇಠ್’ ಅನ್ನುತ್ತಾರೆ, ಮಾಡುವುದು ಮಾತ್ರ ಬೇರೆ. ಮೊನ್ನೆ ಜೈನ್ ಟೇಬಲ್‌ಗೆ ಈರುಳ್ಳಿ ಹಾಕಿದ ಸಾಂಬಾರ್ ಹೋಗಿ ದೊಡ್ಡ ರಂಪ ಆಯಿತು. ಒಂದು ಭಾನುವಾರ ತರಬೇತಿಗೆ ಹೋಗಿದ್ದೆ. ಮಾತಿನಲ್ಲಿ ಪದಗಳ ಪಾಲು ಬರೀ 7 ಪರ್ಸೆಂಟ್, ಉಳಿದ 93 ಬಾಡಿ ಲ್ಯಾಂಗ್ವೇಜ್ ಮತ್ತು ದನಿ ಎಂದರು. ಕಣ್ಣು ನೋಡಿ ಸುಳ್ಳು ಹಿಡಿಯಬಹುದು ಎಂದೂ ಹೇಳಿದರು. ಗಲ್ಲಾದಲ್ಲಿ ಆಗಾಗ ಹಣ ಕಮ್ಮಿ ಬರುತ್ತದೆ, ಹಾಗಾಗಿ ಅದು ತಲೆಗೆ ಹತ್ತಿತು. ಮನೆಯಲ್ಲೂ ಇದೇ ಕಥೆ. ಹೆಂಡತಿ ಧಾರವಾಡದವಳು. ಅವಳು ಸಾದಾ ಹೇಳಿದ್ದೂ ಅಮ್ಮನಿಗೆ ಗದರಿದಂತೆ ಕೇಳುತ್ತದೆ. ನಾನು ಬಾಯಿಬಿಟ್ಟು ಹೇಳದಿದ್ದರೂ ಇಷ್ಟು ವರ್ಷದಲ್ಲಿ ಅವಳಿಗೆ ಅರ್ಥವಾಗಬೇಕಿತ್ತು ಅಂತ ನನಗೆ ಅನ್ನಿಸುತ್ತದೆ. ಎಂಟು ವರ್ಷದ ಮಗಳು ಒಂದೇ ವಾಕ್ಯದಲ್ಲಿ ನಾಲ್ಕು ಭಾಷೆ ಬೆರೆಸುತ್ತಾಳೆ. ಪೂರ್ತಿ ಕೋರ್ಸ್‌ಗೆ ಹದಿನೆಂಟು ಸಾವಿರ ಕೇಳುತ್ತಿದ್ದಾರೆ. ಸೇರಲೇ?

ಉತ್ತರ: ಹದಿನೆಂಟು ಸಾವಿರ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ. ಯಾಕೆ ಅಂತ ಹೇಳುತ್ತೇನೆ.

ಈ 93 ಪರ್ಸೆಂಟ್ ಲೆಕ್ಕ ಮುಂಬೈ, ಪುಣೆಯ ಎಷ್ಟೋ ತರಬೇತಿಗಳಲ್ಲಿ ಮೊದಲ ಅರ್ಧ ಗಂಟೆಯೊಳಗೇ ಪರದೆಯ ಮೇಲೆ ಬರುತ್ತದೆ. ಪದಕ್ಕೆ 7, ದನಿಗೆ 38, ಮುಖಕ್ಕೆ 55. ಇದರ ಮೂಲ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಅಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಜೊತೆಗಾರರೊಂದಿಗೆ 1967ರಲ್ಲಿ ಎರಡು ಸಣ್ಣ ಪ್ರಯೋಗಗಳನ್ನು ಪ್ರಕಟಿಸಿದರು. ಒಂದರಲ್ಲಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಹೇಳಿಸಿ, ರೆಕಾರ್ಡ್ ಮಾಡಿ ಕೇಳಿಸಿದರು. ಇನ್ನೊಂದರಲ್ಲಿ ಇದ್ದದ್ದು ‘ಇರಬಹುದು’ ಎನ್ನುವಂಥ ಒಂದೇ ಒಂದು ಪದ. ಅದನ್ನು ಮೂರು ಥರದ ದನಿಯಲ್ಲಿ ಕೇಳಿಸಿದರು, ಜೊತೆಗೆ ಮುಖದ ಫೋಟೊ ತೋರಿಸಿದರು. ಕೇಳಿದ ಪ್ರಶ್ನೆ ಇಷ್ಟೇ: ಮಾತಾಡುತ್ತಿರುವವರಿಗೆ ಎದುರಿನವರು ಇಷ್ಟವೋ, ಇಷ್ಟವಿಲ್ಲವೋ? ಎರಡು ಪ್ರಯೋಗಗಳ ಅಂಕಿ ಕೂಡಿಸಿದಾಗ 7, 38, 55 ಬಂತು.

ಗಮನಿಸಿ, ಅಲ್ಲಿ ಪೂರ್ತಿ ವಾಕ್ಯವೇ ಇರಲಿಲ್ಲ. ಕೈ ಕಟ್ಟುವುದು, ಕಾಲ ಮೇಲೆ ಕಾಲು ಹಾಕುವುದು, ಬಾಗಿ ಕೂರುವುದು ಯಾವುದೂ ಇರಲಿಲ್ಲ. ಫೋಟೊದಲ್ಲಿ ಇದ್ದದ್ದು ಮುಖ ಮಾತ್ರ. ಆದರೂ ಅದೇ ಲೆಕ್ಕ ಹಿಡಿದು ನಿಮಗೆ ಕೈ ಎಲ್ಲಿಡಬೇಕು ಅಂತ ಪಾಠ ಮಾಡುತ್ತಾರೆ! ಇಷ್ಟ-ಅನಿಷ್ಟಗಳಂಥ ಭಾವನೆಯ ಮಾತಿಗೆ ಬಿಟ್ಟರೆ ಬೇರೆಲ್ಲೂ ಈ ಸೂತ್ರ ಹೊಂದುವುದಿಲ್ಲ ಅಂತ ಮೆಹ್ರೇಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ಅದನ್ನು ಯಾವ ಸ್ಲೈಡ್‌ನಲ್ಲೂ ಹಾಕುವುದಿಲ್ಲ.

ಲೆಕ್ಕ ನಿಜವೋ ಅಂತ ನೋಡಲು ನಿಮ್ಮ ಅಡುಗೆಮನೆಯೇ ಸಾಕು. ‘ಆರನೇ ಟೇಬಲ್‌ಗೆ ಜೈನ್ ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ. ಸಾಂಬಾರ್ ಬೇರೆ ಪಾತ್ರೆಯಿಂದ ಕೊಡು.’ ಇದನ್ನು ಬಾಯಿ ಮುಚ್ಚಿಕೊಂಡು, ಮುಖ ಮತ್ತು ಕೈಯಿಂದ ಮಾತ್ರ ಒಡಿಶಾದ ಹುಡುಗನಿಗೆ ತಿಳಿಸಿ ನೋಡಿ. 93 ಪರ್ಸೆಂಟ್ ಬಿಡಿ, ಒಂಬತ್ತು ಪರ್ಸೆಂಟ್ ದಾಟಿದರೂ ಹೆಚ್ಚು. ವಿಷಯ ಇರುವ ಕಡೆ ಕೆಲಸ ಮಾಡುವುದು ಪದಗಳೇ.

ಹಾಗಂತ ಮೆಹ್ರೇಬಿಯನ್ ಅವರ ಕೆಲಸ ಕೆಲಸಕ್ಕೆ ಬಾರದ್ದಲ್ಲ. ಪದ ಒಂದು ಹೇಳಿ, ದನಿ ಇನ್ನೊಂದು ಹೇಳಿದಾಗ ಜನ ದನಿಯನ್ನು ನಂಬುತ್ತಾರೆ. ‘ಏನಿಲ್ಲ ಬಿಡ್ರಿ’ ಎಂದು ಹೇಳುತ್ತಲೇ ಹೆಂಡತಿ ಪಾತ್ರೆ ಕುಕ್ಕಿದರೆ ನೀವು ನಂಬುವುದು ಪಾತ್ರೆಯನ್ನೇ ಅಲ್ವಾ? ಆ ಪ್ರಯೋಗಗಳು ಹೇಳುವುದು ಹೆಚ್ಚೂಕಮ್ಮಿ ಅಷ್ಟೇ. ಅದಕ್ಕೆ ದುಡ್ಡು ಕೊಟ್ಟು ಕೋರ್ಸ್ ಮಾಡಬೇಕಾಗಿಲ್ಲ.

ನಿಮ್ಮ ಹೋಟೆಲಿನ ನಿಜವಾದ ತೊಂದರೆ ಇರುವುದು ‘ನಾನು ಹೇಳಿದ್ದೆನಲ್ಲ’ ಎಂಬ ಮಾತಿನಲ್ಲಿ. ಹೇಳಿದ್ದು ಅಂದರೆ ತಲುಪಿದ್ದು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಮಾತು ನನ್ನ ತಲೆಯಿಂದ ಹೊರಟು, ಪೈಪಿನಲ್ಲಿ ಹರಿದು, ನಿಮ್ಮ ತಲೆಗೆ ಹಾಗೇ ಬಂದು ಬೀಳುತ್ತದೆ ಎಂಬ ಚಿತ್ರ ಅದು. ತರಬೇತಿಯಲ್ಲೂ ನಿಮಗೆ ಕಳಿಸುವವ, ಪಡೆಯುವವ, ನಡುವೆ ಬಾಣದ ಗುರುತು ಇರುವ ಚಿತ್ರ ತೋರಿಸಿರುತ್ತಾರೆ. ಅದರ ಬೇರು ಅಮೆರಿಕದ ಟೆಲಿಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಬರೆದ ಲೇಖನದಲ್ಲಿದೆ. ಶಾನನ್‌ಗೆ ಬೇಕಿದ್ದದ್ದು ಟೆಲಿಫೋನ್ ತಂತಿಯಲ್ಲಿ ಸಂಕೇತ ಕೆಡದೆ ಹೋಗುವುದು. ಸಂದೇಶದ ಅರ್ಥ ಏನು ಎಂಬುದಕ್ಕೂ ಎಂಜಿನಿಯರ್‌ನ ಈ ಸಮಸ್ಯೆಗೂ ಸಂಬಂಧ ಇಲ್ಲ ಅಂತ ಅವರು ಲೇಖನದ ಶುರುವಿನಲ್ಲೇ ಹೇಳಿಬಿಟ್ಟಿದ್ದರು. ತಂತಿಗೆ ಹೊಲಿದ ಅಂಗಿಯನ್ನು ಆಮೇಲಿನವರು ಮನುಷ್ಯರಿಗೆ ತೊಡಿಸಿದರು.

ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ 1990ರಲ್ಲಿ ತನ್ನ ಪಿಎಚ್‌ಡಿಗಾಗಿ ಒಂದು ತಮಾಷೆಯ ಪ್ರಯೋಗ ಮಾಡಿದಳು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ಲಯವನ್ನು ಬೆರಳಿನಿಂದ ಮೇಜಿನ ಮೇಲೆ ಕುಟ್ಟಬೇಕು. ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ಕುಟ್ಟುವವರನ್ನು ಮೊದಲೇ ಕೇಳಿದರೆ, ಅರ್ಧದಷ್ಟು ಹಾಡು ಗೊತ್ತಾಗಿಯೇ ಆಗುತ್ತದೆ ಎಂದರು. ಒಟ್ಟು 120 ಹಾಡು ಕುಟ್ಟಿದರು. ಗೊತ್ತಾಗಿದ್ದು ಮೂರು. ಕುಟ್ಟುವವರ ತಲೆಯೊಳಗೆ ಸ್ವರ, ಸಾಹಿತ್ಯ ಎಲ್ಲ ಓಡುತ್ತಿರುತ್ತದೆ. ಎದುರಿಗೆ ಕೂತವರಿಗೆ ಕೇಳುವುದು ಟಕ್ ಟಕ್ ಅಷ್ಟೇ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಗಳ ಜೊತೆ ಆಡಿ ನೋಡಿ. ಇಷ್ಟು ಸುಲಭದ್ದು ಇವಳಿಗೆ ಯಾಕೆ ಗೊತ್ತಾಗುತ್ತಿಲ್ಲ ಅಂತ ನಿಮಗೇ ಸಿಟ್ಟು ಬರುತ್ತದೆ. ನೀವು ಅಡುಗೆಮನೆಯ ಕಿಂಡಿಯಲ್ಲಿ ನಿಂತು ‘ಅದನ್ನ ಬೇಗ ಕೊಡು, ಆವತ್ತಿನ ಥರ ಮಾಡಬೇಡ’ ಎಂದಾಗ ಹುಡುಗನಿಗೂ ಕೇಳುವುದು ಟಕ್ ಟಕ್. ‘ಅದು’ ಯಾವುದು, ‘ಆವತ್ತು’ ಯಾವತ್ತು ಎಂಬ ಹಾಡು ಇರುವುದು ನಿಮ್ಮ ತಲೆಯಲ್ಲಿ.

ವಾಟ್ಸ್ಆ್ಯಪ್‌ನಲ್ಲಿ ಇದು ಇನ್ನೂ ಜಾಸ್ತಿ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಜೊತೆಗಾರರು ಇ-ಮೇಲ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ತಾವು ಬರೆದದ್ದು ವ್ಯಂಗ್ಯವೋ ಗಂಭೀರವೋ ಎಂಬುದು ನೂರಕ್ಕೆ 78 ಸಲ ಓದುವವರಿಗೆ ಗೊತ್ತಾಗುತ್ತದೆ ಅಂತ ಬರೆದವರು ಅಂದುಕೊಂಡಿದ್ದರು. ಗೊತ್ತಾಗಿದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಬರುತ್ತಿತ್ತು. ಅದೇ ವಾಕ್ಯಗಳನ್ನು ದನಿಯಲ್ಲಿ ಕೇಳಿಸಿದಾಗ ಹೆಚ್ಚು ಜನರಿಗೆ ಸರಿಯಾಗಿ ತಿಳಿಯಿತು. ಸ್ಟಾಫ್ ಗ್ರೂಪಿನಲ್ಲಿ ‘ವಾಹ್, ಇವತ್ತೂ ಹತ್ತು ಗಂಟೆಗೆ ಬಂದ್ರಾ’ ಅಂತ ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಒಬ್ಬ ನಗುತ್ತಾನೆ, ಇನ್ನೊಬ್ಬ ಕೆಲಸ ಬಿಡುತ್ತಾನೆ.

ಈಗ ‘ಹಾಂ ಸೇಠ್’ ವಿಷಯ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ ಅಂತ ನನ್ನ ಅಭಿಪ್ರಾಯ. ಅದಕ್ಕೊಂದು ದೊಡ್ಡ ಉದಾಹರಣೆ ಕೊಡುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಟೆನೆರಿಫ್ ಎಂಬ ದ್ವೀಪ. ಪಕ್ಕದ ದ್ವೀಪದ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದಿದ್ದರಿಂದ ದೊಡ್ಡ ದೊಡ್ಡ ವಿಮಾನಗಳನ್ನು ಇಲ್ಲಿನ ಚಿಕ್ಕ ನಿಲ್ದಾಣಕ್ಕೆ ತಿರುಗಿಸಿದ್ದರು. ಸಂಜೆ ಹೊತ್ತಿಗೆ ಮಂಜು ಕವಿಯಿತು. ಕೆಎಲ್‌ಎಂ ಕಂಪನಿಯ ಜಂಬೊ ವಿಮಾನ ರನ್‌ವೇ ತುದಿಯಲ್ಲಿ ಹೊರಡಲು ನಿಂತಿತ್ತು. ಅದೇ ರನ್‌ವೇ ಮೇಲೆ, ಮಂಜಿನೊಳಗೆ, ಪ್ಯಾನ್ ಆ್ಯಮ್ ಕಂಪನಿಯ ಜಂಬೊ ನಿಧಾನವಾಗಿ ಬರುತ್ತಿತ್ತು. ಕೆಎಲ್‌ಎಂ ಕಾಕ್‌ಪಿಟ್‌ನಿಂದ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎನ್ನುವಂಥ ಮಾತು ರೇಡಿಯೊದಲ್ಲಿ ಹೋಯಿತು. ಹೊರಡುವ ಜಾಗದಲ್ಲಿ ನಿಂತಿದ್ದೇವೆ ಅಂತಲೋ, ಹೊರಟೇ ಬಿಟ್ಟೆವು ಅಂತಲೋ? ವಿಮಾನಗಳಿಗೆ ಸೂಚನೆ ಕೊಡುವ ಟವರ್‌ನಲ್ಲಿದ್ದವರು ‘ಓಕೆ’ ಎಂದರು. ಬೆನ್ನಿಗೇ ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಎಂದೂ ಹೇಳಿದರು. ಅದೇ ಗಳಿಗೆಯಲ್ಲಿ ಪ್ಯಾನ್ ಆ್ಯಮ್‌ನವರೂ ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂದರು. ಎರಡು ದನಿ ಒಂದರ ಮೇಲೊಂದು ಬಿದ್ದು ಕೆಎಲ್‌ಎಂನವರಿಗೆ ಕೇಳಿದ್ದು ಕೀರಲು ಸದ್ದು. ‘ಓಕೆ’ ಮಾತ್ರ ಸ್ಪಷ್ಟವಾಗಿ ಕೇಳಿತ್ತು. ಕೆಎಲ್‌ಎಂ ಓಡಿ ಬಂದು ಪ್ಯಾನ್ ಆ್ಯಮ್‌ಗೆ ಡಿಕ್ಕಿ ಹೊಡೆಯಿತು. ಆ ದಿನ 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಒಂದೇ ಅಪಘಾತದಲ್ಲಿ ಅಷ್ಟು ಜನ ಸತ್ತದ್ದು ಬೇರೆ ಇಲ್ಲ.

ಅವರಲ್ಲಿ ಯಾರಿಗೂ ಇಂಗ್ಲಿಷ್ ಬಾರದೆ ಇರಲಿಲ್ಲ. ಕೆಎಲ್‌ಎಂ ಕ್ಯಾಪ್ಟನ್ ಕಂಪನಿಯ ಅತಿ ಹಿರಿಯರಲ್ಲಿ ಒಬ್ಬರು, ಬೇರೆ ಪೈಲಟ್‌ಗಳಿಗೆ ಕಲಿಸುತ್ತಿದ್ದವರು. ವಿಮಾನ ಓಡಲು ಶುರುವಾದ ಮೇಲೆ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ಪ್ಯಾನ್ ಆ್ಯಮ್ ಇನ್ನೂ ದಾರಿ ಬಿಟ್ಟಿಲ್ಲವೇ ಅಂತ ಕೇಳಿಯೂ ಕೇಳಿದರು. ಕ್ಯಾಪ್ಟನ್ ಖಡಾಖಂಡಿತವಾಗಿ ಬಿಟ್ಟಿದೆ ಎಂದರು. ಅಲ್ಲಿಗೆ ಮಾತು ನಿಂತಿತು.

ಆಮೇಲೆ ನಿಯಮ ಬದಲಾದವು. ‘ಟೇಕಾಫ್’ ಎಂಬ ಪದವನ್ನು ಹೊರಡಲು ನಿಜವಾಗಿ ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ವಾಪಸು ತೆಗೆದುಕೊಳ್ಳುವಾಗ ಬಿಟ್ಟರೆ ಬಳಸುವಂತಿಲ್ಲ. ಬರೀ ‘ಓಕೆ’, ‘ಸರಿ’ ಸಾಲದು. ಸೂಚನೆಯ ಮುಖ್ಯ ಭಾಗವನ್ನು ಪೈಲಟ್ ತಿರುಗಿ ಹೇಳಬೇಕು, ಟವರ್‌ನವರು ಅದನ್ನು ಕೇಳಿ ತಾಳೆ ನೋಡಬೇಕು. ಜೊತೆಗೆ, ಕಿರಿಯರು ಹಿರಿಯರಿಗೆ ‘ತಪ್ಪುತ್ತಿದೆ’ ಅಂತ ಹೇಳುವುದನ್ನೂ, ಹಿರಿಯರು ಅದನ್ನು ಕೇಳುವುದನ್ನೂ ಕಲಿಸುವ ತರಬೇತಿ 1980ರ ಹೊತ್ತಿಗೆ ಶುರುವಾಯಿತು.

ಈಗ ನಿಮ್ಮ ಕಿಂಡಿಗೆ ಬನ್ನಿ. ‘ಹಾಂ ಸೇಠ್’ ಅಂದರೆ ‘ನಿಮ್ಮ ದನಿ ಕೇಳಿಸಿತು, ನೀವು ದೊಡ್ಡವರು’ ಅಂತಷ್ಟೇ. ಹುಡುಗನಿಗೆ ಅರ್ಥವಾಗಿದೆಯೋ ಇಲ್ಲವೋ ಅದರಲ್ಲಿ ಸಿಗುವುದಿಲ್ಲ. ಸೇಠ್ ಮುಂದೆ ನಿಂತು ‘ತಿಳೀಲಿಲ್ಲ’ ಎನ್ನಲು ಹದಿನೆಂಟರ ಹುಡುಗನಿಗೆ ಧೈರ್ಯ ಬೇಕು. ‘ಸಮಝಾ ಕ್ಯಾ?’ ಎಂದು ಕೇಳುವುದು ಇನ್ನೂ ವ್ಯರ್ಥ. ಅದಕ್ಕೆ ಇಲ್ಲ ಎಂದು ಯಾರೂ ಹೇಳುವುದಿಲ್ಲ. ನಾನು ಇಷ್ಟು ವರ್ಷ ಪಾಠ ಮಾಡಿದ್ದೇನೆ, ‘ಅರ್ಥ ಆಯ್ತಾ?’ ಎಂದಾಗ ತರಗತಿಯಲ್ಲಿ ಏಳುವ ‘ಆಯ್ತು’ ಎಂಬ ಕೋರಸ್ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲ.

ಆಸ್ಪತ್ರೆಗಳಲ್ಲೂ ಇದೇ ಪಾಡು. ವೈದ್ಯರು ಹೇಳಿದ್ದರಲ್ಲಿ 40ರಿಂದ 80 ಪರ್ಸೆಂಟ್ ಭಾಗ ರೋಗಿಗೆ ಆಗಲೇ ಮರೆತಿರುತ್ತದೆ ಅಂತ 2003ರ ಒಂದು ವಿಮರ್ಶಾ ಲೇಖನ ಹೇಳಿತ್ತು. ಅದಕ್ಕೇ ಈಗ ಒಳ್ಳೆಯ ವೈದ್ಯರು ‘ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ನಂಗೊಮ್ಮೆ ಹೇಳಿ’ ಎನ್ನುತ್ತಾರೆ. ಪರೀಕ್ಷೆ ಮಾಡುವ ಧಾಟಿ ಬರದ ಹಾಗೆ ‘ನಾನು ಸರಿಯಾಗಿ ಹೇಳಿದೆನಾ ಅಂತ ನೋಡಬೇಕು’ ಎಂದು ಸೇರಿಸುತ್ತಾರೆ.

ನಿಮ್ಮ ಕಸುಬಿನಲ್ಲಿ ಇದು ಹೊಸದೇನಲ್ಲ. ಹಳೆಯ ಉಡುಪಿ ಹೋಟೆಲಿನ ಸಪ್ಲೈಯರ್ ‘ಎರಡು ಇಡ್ಲಿ ವಡಾ, ಒಂದು ಸಾದಾ, ಒಂದು ಮಸಾಲಾ, ಚಟ್ನಿ ಬೇರೆ’ ಅಂತ ಗಿರಾಕಿಯ ಮುಂದೆ ಒಮ್ಮೆ ಒಪ್ಪಿಸಿಯೇ ಹೋಗುತ್ತಿದ್ದ. ಒಳಗೆ ಕೂಗಿದ್ದನ್ನು ಭಟ್ಟರು ತಿರುಗಿ ಕೂಗುತ್ತಿದ್ದರು. ಅದು ಗಲಾಟೆ ಅಂತ ನಾವು ಕೆಓಟಿ ಮೆಷಿನ್, ಅಂದರೆ ಅಡುಗೆಮನೆಗೆ ಆರ್ಡರ್ ಚೀಟಿ ಅಚ್ಚು ಹಾಕುವ ಯಂತ್ರ, ತಂದೆವು. ಚೀಟಿ ಒಳ್ಳೆಯದೇ, ಆದರೆ ಚೀಟಿ ತಿರುಗಿ ಮಾತಾಡುವುದಿಲ್ಲ. ಜೈನ್ ಆರ್ಡರ್, ಅಲರ್ಜಿ ಇರುವವರ ಆರ್ಡರ್, ಪಾರ್ಸೆಲ್ ವಿಳಾಸ, ಇವಿಷ್ಟಕ್ಕಾದರೂ ಹಳೆಯ ಕ್ರಮ ತನ್ನಿ. ನೀವು ಹೇಳಿ, ಹುಡುಗ ತಿರುಗಿ ಹೇಳಲಿ: ‘ಛೇ ನಂಬರ್, ಜೈನ್, ಕಾಂದಾ ಲಸೂನ್ ಆಲೂ ನಹೀ.’ ಎಲ್ಲ ಆರ್ಡರ್‌ಗೂ ಮಾಡಿಸಬೇಡಿ. ಮಾಡಿಸಿದರೆ ವಾರದೊಳಗೆ ಅದೂ ‘ಹಾಂ ಸೇಠ್’ ಥರದ ಬಾಯಿಪಾಠ ಆಗಿಬಿಡುತ್ತದೆ. ಇನ್ನೊಂದು ಮಾತು. ತಿರುಗಿ ಕೇಳಿದವನನ್ನು ಎಲ್ಲರೆದುರು ಬೈಯಬೇಡಿ. ಒಮ್ಮೆ ಬೈದರೆ ಉಳಿದ ಐದು ಜನ ಆವತ್ತಿನಿಂದ ಕೇಳುವುದು ನಿಲ್ಲಿಸುತ್ತಾರೆ.

ತಿರುಗಿ ಕೇಳುವುದು ದಡ್ಡತನ ಅಂತ ನಮಗೆ ಚಿಕ್ಕಂದಿನಿಂದ ಅನ್ನಿಸಿಬಿಟ್ಟಿದೆ. ವಾಸ್ತವ ಹೇಗಿದೆ ನೋಡಿ. ಮಾರ್ಕ್ ಡಿಂಗೆಮಾನ್ಸೆ ಮತ್ತು ಜೊತೆಗಾರರು ಐದು ಖಂಡಗಳ 12 ಭಾಷೆಗಳಲ್ಲಿ ಜನರ ಸಹಜ ಮಾತುಕತೆ ರೆಕಾರ್ಡ್ ಮಾಡಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸರಾಸರಿ 1.4 ನಿಮಿಷಕ್ಕೊಮ್ಮೆ ಯಾರೋ ಒಬ್ಬರು ‘ಆಂ?’, ‘ಯಾರು?’, ‘ನಾಳೆ ಅಂದ್ರಾ?’ ಎಂದು ಕೇಳಿ ಮಾತನ್ನು ಸರಿಪಡಿಸಿಕೊಳ್ಳುತ್ತಿದ್ದರು. ಎಲ್ಲ ಭಾಷೆಗಳಲ್ಲೂ ಹೀಗೇ. ಅಂದರೆ ತಪ್ಪು ಕೇಳುವುದು ಮಾತಿನ ರೋಗವಲ್ಲ. ಇಬ್ಬರೂ ಸೇರಿ ಕ್ಷಣಕ್ಷಣಕ್ಕೂ ರಿಪೇರಿ ಮಾಡಿಕೊಳ್ಳುತ್ತಾ ಹೋಗುವುದರಿಂದಲೇ ಮಾತುಕತೆ ನಿಂತಿದೆ. ಒಳ್ಳೆಯ ಮಾತುಗಾರ ಎಂದರೆ ನಿರರ್ಗಳವಾಗಿ ಮಾತಾಡುವವನು ಎಂಬ ನಂಬಿಕೆಯೇ ನನಗೆ ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಅನ್ನಿಸುತ್ತದೆ. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವವರು ಎಷ್ಟೋ ಜನ ಮನೆಯಲ್ಲಿ, ಅಂಗಡಿಯಲ್ಲಿ ಒಂದು ಸೂಚನೆ ನೆಟ್ಟಗೆ ಕೊಡಲಾರರು.

ಆ ಅಧ್ಯಯನದಲ್ಲಿ ಇನ್ನೊಂದು ಉಪಯೋಗದ ವಿಷಯವಿದೆ. ಜನ ಆದಷ್ಟೂ ನಿರ್ದಿಷ್ಟವಾಗಿ ಕೇಳಲು ನೋಡುತ್ತಾರೆ. ಏನೂ ಕೇಳಿಸದಿದ್ದರೆ ಮಾತ್ರ ‘ಆಂ?’. ಅರ್ಧ ಕೇಳಿಸಿದ್ದರೆ ‘ಎಷ್ಟು ಪ್ಲೇಟ್?’. ಬಹುಪಾಲು ಗೊತ್ತಾಗಿದ್ದರೆ ‘ಎರಡು ಪ್ಲೇಟ್ ಅಲ್ವಾ?’. ಕೊನೆಯದು ಗಿರಾಕಿಗೆ ಎಲ್ಲಕ್ಕಿಂತ ಕಡಿಮೆ ಕಿರಿಕಿರಿ. ‘ಹೌದು’ ಎಂದರೆ ಮುಗಿಯಿತು. ನಿಮ್ಮ ಸಪ್ಲೈಯರ್‌ಗಳಿಗೆ ಕಲಿಸಬಹುದಾದ ಒಂದೇ ತಂತ್ರ ಇದ್ದರೆ ಇದು.

ತರಬೇತಿಯಲ್ಲಿ ‘ಎದುರಿನವರು ಪೂರ್ತಿ ಮುಗಿಸುವ ತನಕ ಉತ್ತರ ಯೋಚಿಸಬೇಡಿ’ ಎಂದೂ ಹೇಳಿರಬಹುದು. ಎಲ್ಲರೂ ಹೇಳುತ್ತಾರೆ. ಆದರೆ ಮನುಷ್ಯರಿಂದ ಅದು ಆಗುವುದಿಲ್ಲ. 2009ರಲ್ಲಿ ಪ್ರಕಟವಾದ ಹತ್ತು ಭಾಷೆಗಳ ಅಧ್ಯಯನದಲ್ಲಿ ಪ್ರಶ್ನೆ ಮುಗಿದು ಉತ್ತರ ಶುರುವಾಗಲು ಹಿಡಿದ ಸಮಯ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಒಂದು ಚಿತ್ರ ನೋಡಿ ಅದರ ಹೆಸರು ಹೇಳಲು ಮಿದುಳಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು. ಹಾಗಾದರೆ ಲೆಕ್ಕ ಹಾಕಿ, ಎದುರಿನವರ ಮಾತು ನಡೆದಿರುವಾಗಲೇ ನಾವು ಉತ್ತರ ಕಟ್ಟುತ್ತಿರುತ್ತೇವೆ. ಮಾತಿನ ಕೊನೆ ಹೇಗಿರುತ್ತದೆ ಅಂತ ಊಹಿಸಿಯೇ ಕಟ್ಟುತ್ತೇವೆ. ಬೆಳಗಿನ ರಶ್‌ನಲ್ಲಿ ಗಿರಾಕಿ ‘ಎರಡು ಇಡ್ಲಿ...’ ಎನ್ನುತ್ತಿದ್ದಂತೆ ಹುಡುಗ ಓಡುವುದು ಇದೇ ಕಾರಣಕ್ಕೆ. ಅದನ್ನು ಸೋಮಾರಿತನ ಅಂತ ಬೈದರೆ ಸರಿಹೋಗದು, ತಿರುಗಿ ಹೇಳಿಸಿದರೆ ಸರಿಹೋಗುತ್ತದೆ.

ಮನೆಯ ವಿಷಯಕ್ಕೆ ಬರುತ್ತೇನೆ. ಬಾಯಿಬಿಟ್ಟು ಹೇಳದಿದ್ದರೂ ಹೆಂಡತಿಗೆ ಅರ್ಥವಾಗಬೇಕು ಅಂತ ಬರೆದಿದ್ದೀರಿ. ಇದನ್ನೂ ಪರೀಕ್ಷಿಸಿ ನೋಡಿದ್ದಾರೆ. ಕೆನೆತ್ ಸವಿಟ್ಸ್‌ಕಿ, ಬೋಅಜ್ ಕೀಸರ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ-ಹೆಂಡತಿಯರನ್ನು ಬೆನ್ನು ತಿರುಗಿಸಿ ಕೂರಿಸಿ, ಎರಡು ಮೂರು ಅರ್ಥ ಬರುವ ದಿನಬಳಕೆಯ ಮಾತುಗಳನ್ನು ಹೇಳಿಸಿದರು. ಕೇಳುವವರಲ್ಲಿ ಒಬ್ಬರು ಬಾಳಸಂಗಾತಿ, ಉಳಿದವರು ಅಪರಿಚಿತರು. ಸಂಗಾತಿಗಳು ಅಪರಿಚಿತರಿಗಿಂತ ಹೆಚ್ಚಿಗೆ ಅರ್ಥ ಮಾಡಿಕೊಂಡಿರಲಿಲ್ಲ. ಆದರೆ ಮಾತಾಡಿದವರು ಮಾತ್ರ ‘ನನ್ನವರಿಗೆ ಗೊತ್ತಾಗುತ್ತದೆ’ ಎಂದು ಗಟ್ಟಿಯಾಗಿ ನಂಬಿದ್ದರು. ಅಪರಿಚಿತರಿಗೆ ನಾವು ಬಿಡಿಸಿ ಹೇಳುತ್ತೇವೆ, ಹತ್ತಿರದವರ ಮುಂದೆ ಅರ್ಧ ನುಂಗುತ್ತೇವೆ. ನೀವು ಗಿರಾಕಿಗೆ ‘ಪಾರ್ಸೆಲ್ ಹತ್ತು ನಿಮಿಷ ಆಗುತ್ತೆ’ ಎನ್ನುತ್ತೀರಿ. ಮನೆಗೆ ಬರುವುದು ಹನ್ನೆರಡಾಗುತ್ತೆ ಅಂತ ಫೋನ್ ಮಾಡುತ್ತೀರಾ?

ಹೆಂಗಸರು ದಿನಕ್ಕೆ ಇಪ್ಪತ್ತು ಸಾವಿರ ಪದ ಆಡುತ್ತಾರೆ, ಗಂಡಸರು ಏಳು ಸಾವಿರ ಎಂಬ ಮಾತು ಯಾರಾದರೂ ನಡುವೆ ತಂದರೆ ಕಿವಿಗೆ ಹಾಕಿಕೊಳ್ಳಬೇಡಿ. 2007ರಲ್ಲಿ 396 ವಿದ್ಯಾರ್ಥಿಗಳಿಗೆ ಪುಟ್ಟ ರೆಕಾರ್ಡರ್ ಕಟ್ಟಿ ಎಣಿಸಿದ ಲೆಕ್ಕ ಪ್ರಕಟವಾಯಿತು. ಇಬ್ಬರದೂ ಸುಮಾರು 16 ಸಾವಿರ.

ಧಾರವಾಡದ ಸೊಸೆ, ಕುಂದಾಪುರದ ಅತ್ತೆ. ಇದು ಭಾಷೆಯ ಜಗಳ ಅಲ್ಲ, ರಾಗದ ಜಗಳ. ‘ಅತ್ತೀ, ಇದನ್ನ ಇಲ್ಲ್ಯಾಕ ಇಟ್ಟೀರಿ?’ ಎಂದು ಆಕೆ ಕೇಳುವುದು ನಿಜವಾಗಿ ತಿಳಿದುಕೊಳ್ಳಲಿಕ್ಕೆ. ಅಮ್ಮನ ಕಿವಿಗೆ ಅದು ‘ಇಲ್ಲಿಡಬಾರದಿತ್ತು’ ಅಂತ ಕೇಳುತ್ತದೆ. ಜಾನ್ ಗಂಪರ್ಜ್ ಎಂಬ ಭಾಷಾವಿಜ್ಞಾನಿ ಇಂಥದ್ದನ್ನೇ ಬ್ರಿಟನ್ನಿನ ಒಂದು ದೊಡ್ಡ ವಿಮಾನ ನಿಲ್ದಾಣದ ಸಿಬ್ಬಂದಿ ಕ್ಯಾಂಟೀನಿನಲ್ಲಿ ಕಂಡರು. ಅಲ್ಲಿ ಹೊಸದಾಗಿ ಸೇರಿದ್ದ ಭಾರತ, ಪಾಕಿಸ್ತಾನ ಮೂಲದ ಹೆಂಗಸರು ಒರಟರು ಎಂದು ದೂರು. ಅವರು ಆಡುತ್ತಿದ್ದದ್ದೇ ಒಂದೆರಡು ಮಾತು. ಊಟಕ್ಕೆ ಗ್ರೇವಿ ಬೇಕೇ ಎನ್ನಲು ಇಂಗ್ಲಿಷರು ‘ಗ್ರೇವಿ?’ ಎಂದು ದನಿ ಏರಿಸುತ್ತಿದ್ದರು. ಈ ಹೆಂಗಸರು ತಮ್ಮ ಭಾಷೆಯ ರೂಢಿಯಂತೆ ‘ಗ್ರೇವಿ’ ಎಂದು ದನಿ ಇಳಿಸುತ್ತಿದ್ದರು. ಇಂಗ್ಲಿಷರಿಗೆ ಅದು ‘ಇದು ಗ್ರೇವಿ, ಬೇಕಾದ್ರೆ ತಗೋ’ ಎಂಬಂತೆ ಕೇಳುತ್ತಿತ್ತು. ಗಂಪರ್ಜ್ ರೆಕಾರ್ಡ್ ಮಾಡಿ ಎರಡೂ ಕಡೆಯವರಿಗೆ ಕೇಳಿಸಿದರು. ‘ನಮ್ಮಲ್ಲಿ ಹೀಗೇ ಕೇಳುವುದು’ ಎಂದರು ಹೆಂಗಸರು. ಕ್ರಮೇಣ ಮೇಲ್ವಿಚಾರಕರ ಅಸಮಾಧಾನವೂ ಇಳಿಯಿತು. ನೀವು ಮನೆಯಲ್ಲಿ ರೆಕಾರ್ಡ್ ಗಿಕಾರ್ಡ್ ಮಾಡಲು ಹೋಗಬೇಡಿ, ಇನ್ನೊಂದು ಜಗಳ ಆದೀತು. ಹಬ್ಬದ ಊಟ ಮುಗಿಸಿ ಎಲ್ಲರೂ ಹಗುರಾಗಿ ಕೂತಾಗ ಅತ್ತೆ ಸೊಸೆಯ ಥರ, ಸೊಸೆ ಅತ್ತೆಯ ಥರ ಒಂದೊಂದು ವಾಕ್ಯ ಹೇಳಲಿ. ಯಾರಿಗೆ ಯಾವುದು ಹೇಗೆ ಕೇಳುತ್ತದೆ ಅಂತ ಬಾಯಿಬಿಟ್ಟು ಮಾತಾಡಲಿ.

ಮಗಳ ಬಗ್ಗೆ ಸುಮ್ನೆ ಚಿಂತೆ ಮಾಡಬೇಡಿ. ‘ಅಪ್ಪಾ, ಹೋಮ್‌ವರ್ಕ್ ಝಾಲಾ, ಈಗ ಖಾಲಿ ಹೋಗ್ಲಾ?’ ಎಂದು ಕೇಳುವ ಮುಂಬೈ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಅವರಿಗೆ ಖಾಲಿ ಅಂದರೆ ಬಿಲ್ಡಿಂಗಿನ ಕೆಳಗೆ. ಒಂದೂ ಭಾಷೆ ನೆಟ್ಟಗೆ ಬಾರದವರು ಬೆರೆಸುತ್ತಾರೆ ಎಂಬುದು ಹಳೆಯ ತಪ್ಪು ತಿಳಿವಳಿಕೆ. ನ್ಯೂಯಾರ್ಕಿನ ಪೋರ್ಟೊರಿಕೊ ಮೂಲದ ಜನರ ಮಾತನ್ನು ಶಾನಾ ಪಾಪ್ಲ್ಯಾಕ್ ಎಂಬ ಭಾಷಾವಿಜ್ಞಾನಿ 1980ರಲ್ಲಿ ವಿಶ್ಲೇಷಿಸಿದಾಗ ಕಂಡದ್ದೇ ಬೇರೆ. ವಾಕ್ಯದ ಒಳಗೇ ಸಲೀಸಾಗಿ ಭಾಷೆ ಬದಲಿಸುತ್ತಿದ್ದವರು ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲವರಾಗಿದ್ದರು. ಎರಡು ವ್ಯಾಕರಣವೂ ಮುರಿಯದಂತೆ ಜೋಡಿಸುವುದು ಸುಲಭವಲ್ಲ. ಮಗಳು ಮರಾಠಿ ಟೀಚರ್ ಹತ್ತಿರ ಮರಾಠಿಯನ್ನೇ, ಊರಿನ ಅಜ್ಜಿಯ ಹತ್ತಿರ ಕನ್ನಡವನ್ನೇ ಆಡುತ್ತಾಳಾ ನೋಡಿ. ಹಾಗಿದ್ದರೆ ಎಲ್ಲಿ ಯಾವುದು ನಡೆಯುತ್ತದೆ ಅಂತ ಅವಳಿಗೆ ಗೊತ್ತಿದೆ. ಕನ್ನಡ ಗಟ್ಟಿಯಾಗಬೇಕು ಅಂತಿದ್ದರೆ ಬೆರೆಸಿದ್ದಕ್ಕೆ ಬೈಯುವ ಬದಲು ಕನ್ನಡ ಮಾತ್ರ ಬಲ್ಲವರ ಜೊತೆ ಹೆಚ್ಚು ಹೊತ್ತು ಬಿಡಿ.

ಮಹಾರಾಷ್ಟ್ರದಲ್ಲಿ ಕನ್ನಡ ಬೆರೆಯುವುದು ನಿನ್ನೆ ಮೊನ್ನೆಯದೂ ಅಲ್ಲ. ಇದೇ ಗಂಪರ್ಜ್, ರಾಬರ್ಟ್ ವಿಲ್ಸನ್ ಜೊತೆ ಸೇರಿ ಸಾಂಗ್ಲಿ ಹತ್ತಿರದ ಕುಪ್ವಾಡ್ ಎಂಬ ಹಳ್ಳಿಯ ಬಗ್ಗೆ 1971ರಲ್ಲಿ ಬರೆದರು. ಕನ್ನಡ, ಮರಾಠಿ, ಉರ್ದು ಮನೆಮಾತಿನವರು ಅಲ್ಲಿ ನೂರಾರು ವರ್ಷ ಜೊತೆಗೆ ಬಾಳಿ, ವಾಕ್ಯ ಕಟ್ಟುವ ಕ್ರಮ ಮೂರರಲ್ಲೂ ಹೆಚ್ಚೂಕಮ್ಮಿ ಒಂದೇ ಆಗಿಬಿಟ್ಟಿತ್ತು. ಪದ ಬದಲಿಸಿದರೆ ಸಾಕು, ಭಾಷೆ ಬದಲಾಗುತ್ತಿತ್ತು. ಆದರೂ ಮನೆಯೊಳಗೆ ಅವರವರು ಅವರವರ ಭಾಷೆ ಬಿಟ್ಟಿರಲಿಲ್ಲ.

ಕೊನೆಯದು, ಗಲ್ಲಾ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎಂಬ ನಂಬಿಕೆ ಜಗತ್ತಿನ ಎಲ್ಲ ಕಡೆ ಇದೆ. 75 ದೇಶಗಳಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ ಗುರುತು ಅದೇ. ಆದರೆ ಅದೇ ವರ್ಷ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಮಾತು ಕೇಳಿ ಮುಖ ನೋಡಿ ಸುಳ್ಳು-ನಿಜ ಹೇಳುವವರು ಸರಿಯಾಗಿದ್ದದ್ದು 54 ಪರ್ಸೆಂಟ್ ಮಾತ್ರ. ನಿಮ್ಮ ಹುಡುಗರಿಗೆ ಸೇಠ್ ಮುಂದೆ ತಲೆ ತಗ್ಗಿಸಿ ನಿಲ್ಲುವುದೇ ಮರ್ಯಾದೆ ಅಂತ ಊರಲ್ಲಿ ಕಲಿಸಿರುತ್ತಾರೆ. ಕಣ್ಣು ನೋಡಿ ಕಳ್ಳನನ್ನು ಹಿಡಿಯಲು ಹೊರಟರೆ ಮರ್ಯಾದಸ್ಥ ಸಿಕ್ಕಿಬೀಳುತ್ತಾನೆ. ಅದರ ಬದಲು ಶಿಫ್ಟ್ ಬದಲಾಗುವಾಗ ಇಬ್ಬರು ಕೂತು ಎಣಿಸಿ ಸಹಿ ಹಾಕಲಿ. ಯುಪಿಐ ಲೆಕ್ಕವನ್ನೂ ನಗದಿನ ಲೆಕ್ಕವನ್ನೂ ಬೇರೆ ಬೇರೆಯಾಗಿ ತಾಳೆ ನೋಡಿ. ಫೋನಿನಲ್ಲಿ ಬಂದ ದುಡ್ಡನ್ನು ಮೆಷಿನ್‌ನಲ್ಲಿ ನಗದು ಅಂತ ಒತ್ತಿದರೂ ಗಲ್ಲಾದಲ್ಲಿ ಅಷ್ಟೇ ಹಣ ಕಮ್ಮಿ ಕಾಣುತ್ತದೆ.